ಕೆಂಪು ನೂಲು ಕಟ್ಟಿದ ಹುಕ್

ಕೋಪರ್‌ಖೈರಣೆ
೧೨ ಜನವರಿ ೨೦೨೫

ಅಪ್ಪನಿಗೆ,

'ತೀರ್ಥರೂಪರಿಗೆ' ಎಂದು ಶುರು ಮಾಡಿ ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬೇಕು. ಇನ್ನೊಂದು ಹಾಳೆ ತೆಗೆಯುವಷ್ಟು ತಾಳ್ಮೆ ನನಗಿಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ಎರಡು ಸಲ ಕೆಮ್ಮಿ, "ಅಮ್ಮನ ಹತ್ರ ಮಾತಾಡು" ಅಂತ ಫೋನು ದಾಟಿಸುತ್ತೀರಿ. ವಾಟ್ಸಾಪಿನಲ್ಲಿ ಕೇಳಿದರೆ ಕೈಮುಗಿದ ಚಿತ್ರ ಬರುತ್ತದೆ. ಅದಕ್ಕೇ ಕಾಗದ. ಮನೆಯಲ್ಲಿ ತುಳು, ಹೊರಗೆ ಮರಾಠಿ ಮಾತಾಡುತ್ತಿದ್ದ ನನ್ನನ್ನು ಪ್ರತಿ ಭಾನುವಾರ ಕೂರಿಸಿ ಒಂದು ಪುಟ ಕನ್ನಡ ಬರೆಸುತ್ತಿದ್ದಿರಲ್ಲ, ಆ ಕನ್ನಡ ಇವತ್ತು ಉಪಯೋಗಕ್ಕೆ ಬಂತು.

ಸಂಕ್ರಾಂತಿ ಬಂತಲ್ಲ, ಮನೆ ಗುಡಿಸೋಣವೆಂದು ಅಟ್ಟದಿಂದ ಸಾಮಾನು ಇಳಿಸಿದೆ. ನನ್ನ ಹಳೆಯ ಗಾಳದ ಡಬ್ಬಿ ಸಿಕ್ಕಿತು. ಮದುವೆಯಾಗಿ ಬರುವಾಗ ತಂದದ್ದು, ಒಮ್ಮೆಯೂ ತೆರೆದಿರಲಿಲ್ಲ. ತೃಷಾ ತೆರೆದಳು. ರಬ್ಬರ್ ಮೀನುಗಳೆಲ್ಲ ಒಂದಕ್ಕೊಂದು ಕರಗಿ ಅಂಟಿಕೊಂಡು ಉಂಡೆಯಾಗಿದ್ದವು. ಒಂದು ಜಿಗ್ ಹೆಡ್ ಮಾತ್ರ ಕರ್ಚೀಫಿನಲ್ಲಿ ಬೇರೆಯಾಗಿತ್ತು. ಅದೇನೆಂದು ಕೇಳಿದಳು. ಸೀಸದ ತಲೆ ರಬ್ಬರ್ ಮೀನನ್ನು ತಳಕ್ಕೆ ಒಯ್ಯುತ್ತದೆ, ಅದರಿಂದ ಹೊರಟ ಹುಕ್ಕು ನಿಜವಾದ ಮೀನನ್ನು ಹಿಡಿಯುತ್ತದೆ ಎಂದು ಹೇಳಿದೆ. "ಪರ್ ಮಮ್ಮಾ, ಯೇ ತೋ ಸೀಧಾ ಹೈ" ಎಂದಳು. ಹುಕ್ಕು ನೆಟ್ಟಗಿರುವುದು ಒಂಬತ್ತು ವರ್ಷದವಳ ಕಣ್ಣಿಗೂ ಬಿತ್ತು.

ಇದು ಮುಂಬ್ರಾ ಖಾಡಿಯ ಹಿನ್ನೀರಿನ ದಡದ ಆ ಬೆಳಿಗ್ಗೆಯ ಹುಕ್ಕು. ನೀವು ಮರೆತಿದ್ದರೆ ನೆನಪಿಸುತ್ತೇನೆ. ಗಾಳದ ಕ್ಲಬ್ಬಿನ ಸ್ಪರ್ಧೆಯ ಕೊನೆಯ ದಿನ. ಗೆದ್ದವರಿಗೆ ಅಂಡಮಾನಿನ ಫಿಶಿಂಗ್ ಕ್ಯಾಂಪಿನಲ್ಲಿ ಗೈಡ್ ಕೆಲಸ. ನನಗೆ ಇಪ್ಪತ್ಮೂರು, ಆ ಕೆಲಸ ಬಿಟ್ಟು ಬೇರೇನೂ ಬೇಡವಾಗಿತ್ತು. ನನ್ನ ದಾರಕ್ಕೆ ದೊಡ್ಡ ಜಿತಾಡಾ ಮೀನು ಸಿಕ್ಕಿತು. ನೀರಿನಿಂದ ಮೇಲೆ ಹಾರಿ ತಲೆ ಒದರಿದಾಗ ಎಲ್ಲರೂ ನೋಡಿದರು. ಅಂಥ ಮೀನು ಆ ವರ್ಷ ಯಾರಿಗೂ ಸಿಕ್ಕಿರಲಿಲ್ಲ. ದಡಕ್ಕೆ ಬರುವಷ್ಟರಲ್ಲಿ ದಾರ ಸಡಿಲಾಯಿತು, ಹುಕ್ಕು ನೆಟ್ಟಗಾಗಿ ಬರಿಗೈಯಲ್ಲಿ ವಾಪಸು ಬಂತು. ಡೊಂಬಿವಿಲಿಗೆ ಬರುವ ಲೋಕಲ್‌ನಲ್ಲಿ ನೀವು ನನ್ನ ಪಕ್ಕ ಕೂತು ಹೇಳಿದ್ದು ಒಂದೇ ಮಾತು: "ನಿನ್ನ ಕೈ ಭಾರ ಮಗಾ. ಮೀನಿನ ಹತ್ರ ಜಗಳ ಮಾಡ್ಲಿಕ್ಕಾಗುದಿಲ್ಲ." ನಾನು ನಂಬಿದೆ. ಆಮೇಲೆ ಗಾಳದ ರಾಡ್ ಮುಟ್ಟಲಿಲ್ಲ. ನೀವು ತೋರಿಸಿದ ಗಂಡಿಗೆ ಹೂಂ ಎಂದೆ.

ಈಗ ಕೇಳಿ. ಆ ಒಂದು ಜಿಗ್ ಹೆಡ್ಡಿನ ಹುಕ್ಕಿಗೂ ನೀವು ಕಪ್ಪು ಬಣ್ಣ ಬಳಿದಿದ್ದಿರಿ. ಹೊಳಪು ಕಂಡರೆ ಮೀನು ಹೆದರುತ್ತದೆ ಎಂದಿದ್ದಿರಿ. ತೃಷಾ ಕಂಪಾಸಿನ ಮೊನೆಯಿಂದ ಆ ಬಣ್ಣ ಕೆರೆದಳು. ಕೆಳಗೆ ಬೂದಿ ಬಣ್ಣದ ಪೊರೆ, ಸುಟ್ಟ ಬಾಣಲೆಯ ತಳದಂತೆ. ಆಮೇಲೆ ಅವಳು ಹುಕ್ಕನ್ನು ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿದಳು. ಅದು ಬಗ್ಗಿತು! ಜಿತಾಡಾದ ಹುಕ್ಕು ಮಗುವಿನ ಬೆರಳಿಗೆ ಬಗ್ಗುತ್ತದೆಯೇ?

ನಾನು ರಬಾಳೆಯ ಸ್ಪ್ರಿಂಗ್ ಕಾರ್ಖಾನೆಯ ಡಿಸ್ಪ್ಯಾಚಿನಲ್ಲಿ ಕೂರುವವಳು. ಗಟ್ಟಿ ತಂತಿಯನ್ನು ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಟ್ಟರೆ ಅದರ ಬಿಗಿಯೆಲ್ಲ ಹೋಗುತ್ತದೆ ಎಂದು ಅಲ್ಲಿಯ ಚಹಾದವನಿಗೂ ಗೊತ್ತು. ಗಟ್ಟಿ ಹುಕ್ಕು ಸೋತರೆ ಮುರಿಯುತ್ತದೆ. ಹೀಗೆ ಮೇಣದ ಹಾಗೆ ನೆಟ್ಟಗಾಗುವುದಿಲ್ಲ.

ಆ ಹುಕ್ಕನ್ನು ಬೆಂಕಿಗೆ ಹಿಡಿದವರು ಯಾರು?

ನಿಮ್ಮ ಮಗಳು,
ಜ್ಯೋತ್ಸ್ನಾ

*

ಡೊಂಬಿವಿಲಿ ಪೂರ್ವ
೨೭ ಜನವರಿ ೨೦೨೫

ಚಿ. ಜ್ಯೋತ್ಸ್ನಾಳಿಗೆ ಅಪ್ಪನ ಆಶೀರ್ವಾದ.

ನಾವಿಬ್ಬರೂ ಆರಾಮ. ಹಾಲಿನ ಫ್ಯಾನು ಮಾತ್ರ ಆರಾಮ ಇಲ್ಲ, ತಿರುಗಿದರೆ ಕೂಗುತ್ತದೆ. ನಿನ್ನ ಕಾಗದ ಕಂಡು ಸಂತೋಷವಾಯಿತು. ಅಕ್ಷರ ಇನ್ನೂ ದುಂಡಗಿದೆ. ಒತ್ತಕ್ಷರ ಮೊದಲಿನಂತೆಯೇ ಗೆರೆಯಿಂದ ಕೆಳಗೆ ಜಾರುತ್ತದೆ.

ನೀನು ಬರೆದ ವಿಷಯ. ಮಗಾ, ಆ ಕಾಲದಲ್ಲಿ ನಮಗೆ ಸಿಗುತ್ತಿದ್ದ ಹುಕ್ಕುಗಳೇ ಹಾಗೆ. ಇವತ್ತು ಅಂಗಡಿಯಲ್ಲಿ ಬೇಕಾದ್ದು ಸಿಗುತ್ತದೆ, ಆಗ ಸಿಕ್ಕಿದ್ದರಲ್ಲಿ ಆರಿಸಬೇಕಿತ್ತು. ಮೇಲಾಗಿ ಖಾಡಿಯ ಉಪ್ಪುನೀರು, ಇಷ್ಟು ವರ್ಷ ಡಬ್ಬಿಯಲ್ಲಿ ಮುಚ್ಚಿಟ್ಟದ್ದು. ಕಬ್ಬಿಣ ತಾನೇ? ಮನುಷ್ಯರೇ ಮೆತ್ತಗಾಗುತ್ತಾರೆ.

ತೃಷಾಳಿಗೆ ಇದರಲ್ಲಿ ಆಸಕ್ತಿ ಬಂದದ್ದು ಕೇಳಿ ನಾನು ನಿನ್ನೆಯಿಡೀ ಖುಷಿಯಲ್ಲಿದ್ದೆ. ಅವಳಿಗೆ ಮೊದಲೇ ಸರಿಯಾಗಿ ಹೇಳಿಕೊಡಬೇಕು. ಅಂಗಡಿಗೆ ಹೋದವರು ಬಣ್ಣ ನೋಡಿ ಜಿಗ್ ಹೆಡ್ ಆರಿಸುತ್ತಾರೆ, ಕಣ್ಣು ಬಿಡಿಸಿದ್ದರೆ ಮರುಳಾಗುತ್ತಾರೆ. ಬಣ್ಣ ಮನುಷ್ಯರಿಗೆ, ತಂತಿ ಮೀನಿಗೆ. ಮೊದಲು ಹುಕ್ಕಿನ ದಪ್ಪ ನೋಡಬೇಕು. ಆಮೇಲೆ ರಬ್ಬರ್ ಮೀನಿನ ಬೆನ್ನಿಗೆ ಹಿಡಿದು, ಮೊನೆಗೂ ಬೆನ್ನಿಗೂ ನಡುವೆ ಸಾಕಷ್ಟು ಬಾಯಿ ಉಳಿಯುತ್ತದೆಯೇ ನೋಡಬೇಕು. ಬಾಯಿ ಉಳಿಯದಿದ್ದರೆ ಕಚ್ಚಿದ ಮೀನು ರಬ್ಬರನ್ನೇ ಚೀಪಿ ಹೋಗುತ್ತದೆ. ತೂಕ ಎಷ್ಟಿರಬೇಕೆಂದು ನೀರನ್ನೇ ಕೇಳಬೇಕು. ತಳ ಮುಟ್ಟುವಷ್ಟು ಸಾಕು, ಅದಕ್ಕಿಂತ ಹೆಚ್ಚಾದರೆ ಕೆಸರಲ್ಲಿ ಹೂತು ಕೂರುತ್ತದೆ. ಇದೆಲ್ಲ ಈ ಮೇ ರಜೆಯಲ್ಲಿ ಅವಳಿಗೆ ಕಲಿಸುತ್ತೇನೆ. ರಜೆ ಶುರುವಾದ ಕೂಡಲೇ ಕಳಿಸು. ನನಗೂ ವಯಸ್ಸಾಯಿತು, ಇನ್ನೆಷ್ಟು ಮೇ ತಿಂಗಳು ಸಿಗುತ್ತದೋ.

ಅಳಿಯ ಮನೀಶರಿಗೆ ಕೇಳಿದೆ ಎಂದು ಹೇಳು.

ಇಂತು ನಿನ್ನ ಅಪ್ಪ,
ವಸಂತಕುಮಾರ

*

ಕೋಪರ್‌ಖೈರಣೆ
೬ ಫೆಬ್ರವರಿ ೨೦೨೫

ಅಪ್ಪನಿಗೆ,

ಕಲ್ಯಾಣದ ಹೋಟೆಲಿನ ಗಲ್ಲಾದಲ್ಲಿ ಅಷ್ಟು ವರ್ಷ ಕೂತದ್ದು ಸುಮ್ಮನೆ ಹೋಗಿಲ್ಲ. ಇಡ್ಲಿ ಹಳಸಿದೆ ಎಂದು ಗಿರಾಕಿ ಬಂದರೆ "ಚಹಾ ಹೇಗಿತ್ತು?" ಎಂದು ಕೇಳುವ ಅಭ್ಯಾಸ ನಿಮಗೆ ಬಿಟ್ಟಿಲ್ಲ.

ನಾನು ಕೇಳಿದ್ದು ಜಿಗ್ ಹೆಡ್ ಹೇಗೆ ಆರಿಸಬೇಕೆಂದಲ್ಲ. ಅದನ್ನು ನೀವೇ ನನಗೆ ಕಲಿಸಿದ್ದೀರಿ. ಏಳನೇ ಕ್ಲಾಸಿನಲ್ಲಿ ಮಗ್ಗಿ ತಪ್ಪುತ್ತಿದ್ದೆ, ಹುಕ್ಕು ತಪ್ಪುತ್ತಿರಲಿಲ್ಲ. ಬಾಲ್ಕನಿಯ ಸ್ಟೋವಿನ ಮೇಲೆ ಸೀಸ ಕರಗಿಸಿ ನೀವು ಅಚ್ಚಿಗೆ ಹೊಯ್ಯುವಾಗ ಇಕ್ಕಳದಲ್ಲಿ ಹುಕ್ಕು ಹಿಡಿದು ಕೊಡುತ್ತಿದ್ದವಳು ನಾನು. ಆರಿದ ಮೇಲೆ ನಮ್ಮ ಪರೀಕ್ಷೆ ಏನಿತ್ತು? ಹುಕ್ಕನ್ನು ಬಾಲ್ಕನಿಯ ಗ್ರಿಲ್ಲಿಗೆ ಸಿಕ್ಕಿಸುವುದು, ಅದರ ಕಣ್ಣಿನ ತೂತಿಗೆ ದಾರ ಕಟ್ಟಿ ಸ್ನಾನದ ಬಕೆಟ್ಟು ತುಂಬ ನೀರು ತೂಗಹಾಕುವುದು. ಬಾಯಿ ತೆರೆದರೆ ಡಬ್ಬಿಯ ಹೊರಗೆ. ತೆರೆಯದೆ ನಿಂತರೆ ಅದಕ್ಕೆ ಕೆಂಪು ನೂಲು. ದೇವಸ್ಥಾನದಲ್ಲಿ ಕೈಗೆ ಕಟ್ಟುವ ನೂಲಿನ ಉಂಡೆಯಿಂದ ತುಂಡರಿಸಿ ನೀವೇ ಕಟ್ಟುತ್ತಿದ್ದಿರಿ, ನನ್ನನ್ನೂ ಕಟ್ಟಗೊಡುತ್ತಿರಲಿಲ್ಲ. "ಇದು ಕಟ್ಟಿದ ಮೇಲೆ ಪುನಃ ನೋಡ್ಬಾರ್ದು. ನೋಡಿದ್ರೆ ನನ್ನ ಮಾತಿಗೇ ಬೆಲೆ ಇಲ್ಲ" ಎನ್ನುತ್ತಿದ್ದಿರಿ.

ಕ್ಲಬ್ಬಿನವರು ಆ ನೂಲು ನೋಡಿ ನಗುತ್ತಿದ್ದರು. ನಾನು ಅವರ ಜೊತೆ ಜಗಳಕ್ಕೆ ಹೋಗುತ್ತಿದ್ದೆ.

ಮುಂಬ್ರಾದ ಆ ಹುಕ್ಕಿಗೆ ಕೆಂಪು ನೂಲು ಇತ್ತು. ಈಗಲೂ ಇದೆ. ಬಣ್ಣ ಹೋಗಿ ಕಂದಾಗಿದೆ, ನಿಮ್ಮ ಗಂಟು ಹಾಗೇ ಇದೆ. ಬಕೆಟ್ಟು ಕಟ್ಟಿದ್ದರೆ ಅದು ಅರ್ಧ ತುಂಬುವ ಮೊದಲೇ ಬಾಯಿ ಬಿಡುತ್ತಿತ್ತು. ಹಾಗಾದರೆ ನೂಲು ಹೇಗೆ ಬಂತು? ಉಪ್ಪುನೀರು ನೂಲು ಕಟ್ಟಲಿಲ್ಲ ಅಪ್ಪ. ಅಂಗಡಿಯವನೂ ಕಟ್ಟಲಿಲ್ಲ.

ನನಗೆ ಸಿಟ್ಟು ಬಂದಿರುವುದು ಅಂಡಮಾನು ತಪ್ಪಿತೆಂದಲ್ಲ. ತಪ್ಪಿತೆಂದೂ ಹೌದು, ಯಾಕೆ ಸುಳ್ಳು ಹೇಳಲಿ. ಅದಕ್ಕಿಂತ ಹೆಚ್ಚು ಆ ಲೋಕಲ್‌ನಲ್ಲಿ ಆಡಿದ ಮಾತಿಗೆ. ಕೈ ಭಾರ ಎಂದಿರಿ. ಆಮೇಲೆ ನಾನು ಯಾವುದನ್ನು ಕೆಡಿಸಿದರೂ ಆ ಮಾತೇ ಕಿವಿಗೆ ಬರುತ್ತಿತ್ತು. ಸ್ಕೂಟರ್ ಕಲಿಯುವುದನ್ನು ಬಿಟ್ಟೆ. ತೃಷಾ ಹುಟ್ಟಿದಾಗ ಅವಳಿಗೆ ಸ್ನಾನ ಮಾಡಿಸಲು ಹೆದರಿ ಅತ್ತೆಯ ಕೈಗೆ ಕೊಟ್ಟೆ. ನೀವು ಕಾವಲಿರಬೇಕಾದವರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡಲಿ?

ಮೇ ರಜೆಯ ಮಾತು ಆಮೇಲೆ. ನನ್ನ ಪ್ರಶ್ನೆಗೆ ಉತ್ತರ ಬರುವವರೆಗೆ ತೃಷಾ ಅಲ್ಲಿಗೆ ಬರುವುದಿಲ್ಲ.

ಜ್ಯೋತ್ಸ್ನಾ

*

ಡೊಂಬಿವಿಲಿ ಪೂರ್ವ
೨ ಮಾರ್ಚ್ ೨೦೨೫

ಜ್ಯೋತ್ಸ್ನಾ,

ಉತ್ತರ ತಡವಾಯಿತು. ಬರೆದು ಹರಿದೆ, ಬರೆದು ಹರಿದೆ.

ಹೇಳಬಾರದೆಂದಿದ್ದೆ, ನೀನು ಮೊಮ್ಮಗಳನ್ನೇ ತಡೆದ ಮೇಲೆ ಹೇಳಬೇಕಾಗಿದೆ. ಆ ವರ್ಷ ಮಳೆ ಹಿಂದೆ ಸರಿಯಲೇ ಇಲ್ಲ. ಬಳಿದ ಬಣ್ಣ ಒಣಗುತ್ತಿರಲಿಲ್ಲ. ನಿನ್ನ ಅಮ್ಮ ಸಹಾಯವಾಗಲೆಂದು ಆ ಜಿಗ್ ಹೆಡ್ಡನ್ನು ಗ್ಯಾಸಿನ ಮೇಲೆ ಹಪ್ಪಳ ಸುಡುವ ಜಾಲರಿಯಲ್ಲಿಟ್ಟು ಒಣಗಿಸಿದಳು. ಅಷ್ಟರಲ್ಲಿ ಪರೀಕ್ಷೆ ಮುಗಿದು ನೂಲು ಕಟ್ಟಿಯಾಗಿತ್ತು. ಬಿಸಿ ಹುಕ್ಕಿಗೂ ತಾಗಿರಬೇಕು. ನನಗೆ ಗೊತ್ತಾದದ್ದು ನಂತರ. ಅವಳಿಗೆ ಬೇಸರವಾಗಬಾರದೆಂದು ಮಾತು ನುಂಗಿಕೊಂಡೆ. ಈಗ ನೀನೂ ಅವಳನ್ನು ಕೇಳಿ ನೋಯಿಸಬೇಡ. ಅವಳಿಗೆ ಬಿ.ಪಿ. ಇದೆ.

ಆದದ್ದು ಆಗಿಹೋಯಿತು. ನಿನಗೆ ಒಳ್ಳೆಯ ಮನೆ ಸಿಕ್ಕಿತು, ಒಳ್ಳೆಯ ಗಂಡ ಸಿಕ್ಕಿದ. ದೇವರು ಒಂದು ಬಾಗಿಲು ಹಾಕಿದ್ದು ಒಳ್ಳೆಯದಕ್ಕೇ.

ಅಪ್ಪ

*

ಡೊಂಬಿವಿಲಿ
೧೫ ಮಾರ್ಚ್

ಜ್ಯೋತ್ಸ್ನಾ ಮಗಳೇ,

ನೀನು ಫೋನಿನಲ್ಲಿ ಕೇಳಿದಾಗ ಅವರು ನನ್ನ ಎದುರಿಗೇ ಕೂತು ಬಟಾಣಿ ಸುಲಿಯುತ್ತಿದ್ದರು. ಅದಕ್ಕೇ "ಆಮೇಲೆ" ಎಂದೆ. ಈಗ ಅವರು ಕಟಿಂಗಿಗೆ ಹೋಗಿದ್ದಾರೆ. ನನಗೆ ಬರೆದು ಅಭ್ಯಾಸ ತಪ್ಪಿದೆ, ತಪ್ಪಿದ್ದರೆ ಸರಿಮಾಡಿ ಓದು.

ನಾನು ಯಾವ ಹುಕ್ಕನ್ನೂ ಗ್ಯಾಸಿನ ಮೇಲಿಡಲಿಲ್ಲ. ಆ ಸೀಸ ವಿಷ ಎಂದು ಅಡುಗೆಮನೆಯ ಹೊಸಿಲು ದಾಟಿಸಲು ನಾನು ಬಿಟ್ಟವಳೇ ಅಲ್ಲ, ನಿನಗೆ ಗೊತ್ತಿಲ್ಲವೇ? ಅದನ್ನು ಮುಟ್ಟಿದ ಕೈಯಲ್ಲಿ ನೀವಿಬ್ಬರೂ ಊಟಕ್ಕೆ ಕೂತರೆ ನಾನು ಬಡಿಸುತ್ತಿರಲಿಲ್ಲ. ಹಪ್ಪಳದ ಜಾಲರಿಯಲ್ಲಿ ಅದನ್ನು ಇಡುವುದುಂಟೇ? ಇಟ್ಟಿದ್ದರೂ ಮೊದಲು ಸೀಸವೇ ಕರಗಿ ಬರ್ನರಿಗೆ ಇಳಿಯುತ್ತಿತ್ತಲ್ಲ. ಹುಕ್ಕು ಸುಡುವುದು, ತಲೆ ಹಾಗೇ ನಿಲ್ಲುವುದು, ಇದು ಯಾವ ಊರಿನ ಬೆಂಕಿ?

ನಾನು ಕಂಡದ್ದು ಹೇಳುತ್ತೇನೆ. ಸ್ಪರ್ಧೆಗೆ ಎರಡು ಮೂರು ದಿನ ಮೊದಲು ನೀನು ಕಾಲೇಜಿಗೆ ಹೋಗಿದ್ದೆ. ಅವರು ಬಾಲ್ಕನಿಯಲ್ಲಿ ಬರೇ ಹುಕ್ಕನ್ನು ಇಕ್ಕಳದಲ್ಲಿ ಹಿಡಿದು ಸ್ಟೋವಿನ ಉರಿಗೆ ಕೊಟ್ಟು ಕೂತಿದ್ದರು. ಕೆಂಪಗಾಗಿತ್ತು. ಸೀಸ ಹೊಯ್ದದ್ದು ಆಮೇಲೆ. ಎಂತ ಮಾಡ್ತಿದ್ದೀರಿ ಎಂದು ಕೇಳಿದೆ. "ಒಂದು ಟೆಸ್ಟ್" ಎಂದರು. ನನಗೆ ಅರ್ಥವಾಗಲಿಲ್ಲ. ಅರ್ಥವಾಗಿದ್ದರೆ ನಿನಗೆ ಹೇಳುತ್ತಿದ್ದೆನೋ ಇಲ್ಲವೋ, ಅದನ್ನೂ ಆಣೆ ಮಾಡಿ ಹೇಳಲಾರೆ. ಗಂಡಿನ ಕಡೆಯವರು ಆ ವಾರವೇ ಬಂದುಹೋಗಿದ್ದರು. ನೀನು ದ್ವೀಪಕ್ಕೆ ಹೋಗುವುದು ನನಗೂ ಬೇಡವಾಗಿತ್ತು.

ಆದರೆ ನನ್ನ ಮೇಲೆ ಹಾಕಿದರಲ್ಲ! ಇಷ್ಟು ವರ್ಷ ಅನ್ನ ಹಾಕಿದ ಕೈಯ ಮೇಲೆ ಹಾಕಿದರಲ್ಲ. ನಿನ್ನೆಯಿಂದ ಅವರ ಜೊತೆ ಮಾತಾಡಿಲ್ಲ. ಯಾಕೆಂದು ಅವರೂ ಕೇಳಿಲ್ಲ.

ತೃಷಾಳಿಗೆ ಚಕ್ಕುಲಿ ಮಾಡಿಟ್ಟಿದ್ದೇನೆ.

ಅಮ್ಮ, ದಮಯಂತಿ

*

ಕೋಪರ್‌ಖೈರಣೆ
೧೮ ಮಾರ್ಚ್ ೨೦೨೫

ಅಪ್ಪನಿಗೆ,

ಅಮ್ಮನ ಕಾಗದ ಬಂತು.

ಇಲ್ಲಿಯವರೆಗೆ ಒಂದು ಮೂಲೆಯಲ್ಲಿ ಆಸೆಯಿತ್ತು. ನೀವು ಏನಾದರೂ ಹೇಳುತ್ತೀರಿ, ಅದು ನಿಜವಾಗಿರುತ್ತದೆ, ನಾನು ತಲೆಗೆ ಹೊಡೆದುಕೊಂಡು ಕ್ಷಮೆ ಕೇಳುತ್ತೇನೆ ಎಂದು. ಕ್ಷಮೆ ಕೇಳುವ ವಾಕ್ಯವನ್ನೂ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದೆ. ನೀವು ಅಮ್ಮನನ್ನು ಮುಂದೆ ತಳ್ಳಿದಿರಿ. ನನಗೆ ಮೋಸ ಮಾಡಿದ್ದು ಹಳೆಯ ಮಾತು, ಅವಳಿಗೆ ಮಾಡಿದ್ದು ಈ ತಿಂಗಳಿನದು. ಅಂದರೆ ನೀವು ಬದಲಾಗಿಲ್ಲ.

ಮನೀಶ್ ಒಳ್ಳೆಯವರು. ಅದನ್ನು ನಿಮ್ಮ ಪುಣ್ಯಕ್ಕೆ ಬರೆದುಕೊಳ್ಳಬೇಡಿ. ಅವರಿಗೆ ಇದನ್ನೆಲ್ಲ ಹೇಳಿದಾಗ "ಹಾಗಾದರೆ ನೀನು ನನ್ನನ್ನು ಸೋತು ಮದುವೆಯಾದೆಯಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಮ್ಮ ಮನೆಗೆ ತಂದಿಟ್ಟವರೂ ನೀವೇ.

ಜ್ಯೋತ್ಸ್ನಾ

*

ಡೊಂಬಿವಿಲಿ ಪೂರ್ವ
೯ ಏಪ್ರಿಲ್ ೨೦೨೫

ಜ್ಯೋತ್ಸ್ನಾ,

ಅಮ್ಮ ಬರೆದದ್ದು ನಿಜ. ಇದಕ್ಕಿಂತ ಮೇಲೆ ಏನು ಬರೆದರೂ ಅದು ನನ್ನ ಪರವಾಗಿಯೇ ಇರುತ್ತದೆ.

ಕೋಪರ್‌ಖೈರಣೆಯ ಗಂಡಿನವರಿಗೆ ಮಾತು ಕೊಟ್ಟಾಗಿತ್ತು. ಅಂಡಮಾನು ಬೇಡ ಎಂದು ನಿನಗೆ ಬಾಯಿಬಿಟ್ಟು ಹೇಳಿದ್ದರೆ ನೀನು ಹಟ ಹಿಡಿದು ಹೋಗುತ್ತಿದ್ದೆ. ಕ್ಲಬ್ಬಿನಲ್ಲಿ ಅಷ್ಟೊಂದು ಜನ ಇದ್ದರು, ಬೇರೆ ಯಾರ ಹುಕ್ಕಿಗೂ ನಾನು ಕೈ ಹಾಕಲಿಲ್ಲ. ಅವರಲ್ಲಿ ಯಾರೂ ಗೆಲ್ಲುವವರಿರಲಿಲ್ಲ.

ನಿನ್ನ ಕೈ ಭಾರ ಅಲ್ಲ.

ಇದರ ಜೊತೆ ತೃಷಾಳಿಗೆಂದು ಒಂದು ಜಿಗ್ ಹೆಡ್ ಕಳಿಸುತ್ತಿದ್ದೇನೆ. ಸೀಸ ಒಂದು ಬದಿಗೆ ಸ್ವಲ್ಪ ಉಬ್ಬಿದೆ, ಹುಕ್ಕು ಒಳ್ಳೆಯದು. ದಪ್ಪ ತಂತಿ, ಬಾಯಿ ಅಗಲ. ನೂಲು ಕಟ್ಟಿದ್ದೇನೆ. ಅಭ್ಯಾಸ.

ಮೇ ತಿಂಗಳು ನಿನಗೆ ಬಿಟ್ಟದ್ದು.

ವಸಂತಕುಮಾರ

*

ಕೋಪರ್‌ಖೈರಣೆ
೨೭ ಏಪ್ರಿಲ್ ೨೦೨೫

ಅಪ್ಪನಿಗೆ,

ಪಾರ್ಸೆಲ್ ಬಂದು ಟಿ.ವಿ.ಯ ಮೇಲೆ ಬಹಳ ದಿನ ಕೂತಿತ್ತು. ನಾನು ಬಿಚ್ಚಲಿಲ್ಲ. ತೃಷಾ ದಿನಕ್ಕೊಮ್ಮೆ ಅದರ ಎದುರು ನಿಂತು ನನ್ನ ಮುಖ ನೋಡಿ ಹೋಗುತ್ತಿದ್ದಳು.

ಕಳೆದ ಭಾನುವಾರ ಬೆಳಿಗ್ಗೆ ನಾನೊಬ್ಬಳೇ ಹಳೆಯ ರಾಡ್ ತೆಗೆದುಕೊಂಡು ಐರೋಲಿ ಕಡೆಯ ಖಾಡಿಗೆ ಹೋದೆ. ಅಂಗಡಿಯಲ್ಲಿ ನಾನೇ ಆರಿಸಿದ ಜಿಗ್ ಹೆಡ್. ಅಂಗಡಿಯವನು ಕಣ್ಣು ಬಿಡಿಸಿದ ಚಂದದ್ದನ್ನು ಮುಂದಿಟ್ಟ, ನಾನು ಹಿಂದಿನ ಡಬ್ಬಿಯ ಕಪ್ಪನೆಯ ದಪ್ಪ ಹುಕ್ಕು ಕೇಳಿದೆ. ಸಣ್ಣದೊಂದು ತಾಂಬ ಮೀನು ಸಿಕ್ಕಿತು, ಅಂಗೈ ಉದ್ದದ್ದು. ಬಿಡಿಸಿ ನೀರಿಗೆ ಬಿಟ್ಟೆ. ಬಿಡಿಸುವಾಗ ಕೈ ಹಗುರವಾಗಿಯೇ ಇತ್ತು. ದಡದಲ್ಲಿ ಕೂತು ಚೆನ್ನಾಗಿ ಅತ್ತೆ. ಪಕ್ಕದಲ್ಲಿದ್ದ ಮೀನುಗಾರರ ಅಜ್ಜಿ ಏಡಿಯ ಬುಟ್ಟಿ ಪಕ್ಕಕ್ಕಿಟ್ಟು "ಕಾಯ್ ಝಾಲಂ ಪೋರಿ?" ಎಂದಳು, ಏನಾಯಿತು ಹುಡುಗಿ ಎಂದು. ಮೀನು ತಪ್ಪಿತು ಎಂದೆ. "ದುಸರಾ ಯೇಯಿಲ್" ಎಂದಳು. ಇನ್ನೊಂದು ಬರುತ್ತದಂತೆ.

ಮನೆಗೆ ಬಂದು ಪಾರ್ಸೆಲ್ ಬಿಚ್ಚಿದೆ. ನಿಮ್ಮ ಜಿಗ್ ಹೆಡ್ಡನ್ನು ಗ್ರಿಲ್ಲಿಗೆ ಸಿಕ್ಕಿಸಿ, ಸ್ನಾನದ ಬಕೆಟ್ಟು ಕಟ್ಟಿದೆ. ತೃಷಾ ಚೊಂಬಿನಿಂದ ಒಂದೊಂದೇ ಸಲ ನೀರು ಹೊಯ್ದಳು. ಪ್ರತಿ ಸಲವೂ ನಾನು ಹುಕ್ಕಿನ ಬಾಯಿ ನೋಡುತ್ತಿದ್ದೆ. ತೆರೆಯಲಿ ಎಂದು ಕಾದೆನೋ ತೆರೆಯದಿರಲಿ ಎಂದು ಕಾದೆನೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಬಕೆಟ್ಟು ತುಂಬಿ ಚೆಲ್ಲಿತು. ಕೆಳಗಿನ ಮನೆಯವರು ಮೇಲೆ ನೋಡಿ ಬೈದರು. ಹುಕ್ಕು ಕದಲಲಿಲ್ಲ.

ಹುಕ್ಕು ಗಟ್ಟಿಯಿದೆ ಅಪ್ಪ. ಒಳ್ಳೆಯ ಹುಕ್ಕು.

ತೃಷಾ ಮೇ ಮೊದಲ ವಾರ ಬರುತ್ತಾಳೆ. ನಿಮಗಾಗಿ ಅಲ್ಲ. ಕಲಿಸುವುದರಲ್ಲಿ ನಿಮ್ಮಂಥವರು ಇನ್ನೊಬ್ಬರಿಲ್ಲ, ನಿಮ್ಮ ಮೇಲಿನ ಸಿಟ್ಟಿಗೆ ಅವಳ ಪಾಲಿನ ಖಾಡಿಯನ್ನು ನಾನು ಕಿತ್ತುಕೊಂಡರೆ ನಾನೂ ಇನ್ನೊಂದು ಹುಕ್ಕನ್ನು ಸುಟ್ಟ ಹಾಗೆ. ನಾನು ಮಾತ್ರ ಮೇಲೆ ಬರುವುದಿಲ್ಲ. ಅಮ್ಮ ಕೆಳಗೆ ಗೇಟಿಗೆ ಬರಲಿ, ಅವಳ ಕೈಗೆ ಒಪ್ಪಿಸಿ ಹೋಗುತ್ತೇನೆ.

ಒಂದು ಮಾತು ಮೊದಲೇ ಹೇಳಿರುತ್ತೇನೆ. ನೀವು ಕೊಟ್ಟ ಪ್ರತಿಯೊಂದು ಹುಕ್ಕನ್ನೂ ಅವಳು ನಿಮ್ಮ ಎದುರಿಗೇ ಗ್ರಿಲ್ಲಿಗೆ ಸಿಕ್ಕಿಸಿ ಬಕೆಟ್ಟು ಕಟ್ಟುತ್ತಾಳೆ. ಹಾಗೆ ಮಾಡಲು ನಾನೇ ಕಲಿಸಿದ್ದೇನೆ. ಯಾರು ಕೊಟ್ಟರೂ, ಅಜ್ಜ ಕೊಟ್ಟರೂ, ನಾನು ಕೊಟ್ಟರೂ. ಅವಳು ನೀರು ತುಂಬುವಾಗ ನೀವು ಪಕ್ಕದಲ್ಲೇ ನಿಂತಿರಿ, ಒಳಗೆ ಹೋಗಬೇಡಿ.

ಜಿಗ್ ಹೆಡ್ಡನ್ನು ಅವಳ ಡಬ್ಬಿಗೆ ಹಾಕಿದ್ದೇನೆ. ಕೆಂಪು ನೂಲನ್ನು ಕತ್ತರಿಸಿ ಈ ಕಾಗದದ ಜೊತೆ ವಾಪಸು ಕಳಿಸಿದ್ದೇನೆ.

ತೃಷಾಳ ಅಮ್ಮ,
ಜ್ಯೋತ್ಸ್ನಾ